ತಪಾಸಣೆಯ ಕಟ್ಟೆಯಲ್ಲಿ ನಿಂತ ಹೆಣ್ಣು

ಧರ್ಮಕೇಂದ್ರದ ಕಚೇರಿಗೆ ಬರುವವರಲ್ಲಿ ಪರದೇಶಕ್ಕೆ ಹೊರಟು ನಿಂತವರು ಆಗಾಗ ಇರುತ್ತಾರೆ. ಒಬ್ಬರಿಗೆ ಜ್ಞಾನಸ್ನಾನದ ದಾಖಲೆಯ ಪ್ರತಿ ಬೇಕು. ಇನ್ನೊಬ್ಬರಿಗೆ ನಡತೆಯ ಬಗ್ಗೆ ಎರಡು ಸಾಲಿನ ಪತ್ರ ಬೇಕು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಮ್ಮ ಅನೇಕ ಮನೆಗಳ ಹೆಂಚಿನ ಮಾಡು ತಾರಸಿಯಾದದ್ದು ಹೀಗೆ ಹೊರಟುಹೋದ ಮಕ್ಕಳ ದುಡಿಮೆಯಿಂದ. ಅವರಲ್ಲಿ ದಾದಿಯರಾಗಿ, ಮನೆಗೆಲಸದವರಾಗಿ, ವೃದ್ಧರ ಆರೈಕೆಯವರಾಗಿ ಹೋದ ಹೆಣ್ಣುಮಕ್ಕಳೂ ಇದ್ದಾರೆ. ಆದುದರಿಂದ, ದೇಶದೇಶಗಳ ಗಡಿಯಲ್ಲಿ ಒಂಟಿ ಹೆಣ್ಣನ್ನು ಯಾವ ದೃಷ್ಟಿಯಿಂದ ನೋಡಲಾಗುತ್ತದೆ ಎಂಬ ಪ್ರಶ್ನೆ ನಮಗೆ ದೂರದ್ದಲ್ಲ.

ಆ ಪ್ರಶ್ನೆಯ ಅತ್ಯಂತ ಕಠಿಣ ರೂಪ ಇದು: ವೇಶ್ಯಾವೃತ್ತಿಯಲ್ಲಿರುವ, ಅಥವಾ ಹಿಂದೊಮ್ಮೆ ಇದ್ದ ಹೆಣ್ಣಿಗೆ ಗಡಿ ದಾಟುವ ಹಕ್ಕು ಉಂಟೇ? ಕುಟುಂಬಗಳು ಓದುವ ಅಂಕಣದಲ್ಲಿ ಇಂಥ ವಿಷಯ ಬೇಕೇ ಎಂದು ಕೆಲವರು ಕೇಳಿಯಾರು. ಯೇಸುಸ್ವಾಮಿಯು ದೇವಾಲಯದ ಅಂಗಳದಲ್ಲೇ ಎತ್ತಿದ ವಿಷಯವನ್ನು ನಾವು ಇಲ್ಲಿ ಎತ್ತಲು ಹಿಂಜರಿಯಬೇಕಾಗಿಲ್ಲ.

ಮೊದಲು ನಿಯಮಗಳನ್ನು ನೋಡೋಣ. ಅಮೆರಿಕದ ವೀಸಾ ಅರ್ಜಿಯಲ್ಲಿ, ಕಳೆದ 10 ವರ್ಷಗಳಲ್ಲಿ ವೇಶ್ಯಾವೃತ್ತಿಯಲ್ಲಿ ತೊಡಗಿದ್ದುಂಟೇ ಎಂಬ ಪ್ರಶ್ನೆಯಿದೆ. ಉಂಟೆಂದರೆ ಪ್ರವೇಶವಿಲ್ಲ. ಅದಕ್ಕೆ ನ್ಯಾಯಾಲಯದ ಶಿಕ್ಷೆಯಾಗಿರಬೇಕೆಂದಿಲ್ಲ. ಆ ವೃತ್ತಿ ಆಕೆಯ ದೇಶದಲ್ಲಿ ಅಪರಾಧವಾಗಿರಬೇಕೆಂದೂ ಇಲ್ಲ. ವಿನಾಯಿತಿಗೆ ಅವಕಾಶವಿದ್ದರೂ ಅದನ್ನು ಪಡೆಯಲು ತನ್ನ ಬದುಕನ್ನೆಲ್ಲ ಅಪರಿಚಿತ ಅಧಿಕಾರಿಯ ಮುಂದೆ ಬಿಚ್ಚಿಡಬೇಕು.

ಎಚ್.ಐ.ವಿ. ಸೋಂಕಿತರ ಪ್ರವೇಶಕ್ಕಿದ್ದ ನಿಷೇಧವನ್ನು ಅಮೆರಿಕ 2010ರಲ್ಲಿ ತೆಗೆದುಹಾಕಿದ ಬಳಿಕ, 2012ರ ಜುಲೈಯಲ್ಲಿ ಅಂತರರಾಷ್ಟ್ರೀಯ ಏಡ್ಸ್ ಸಮ್ಮೇಳನ ವಾಷಿಂಗ್ಟನ್ನಿನಲ್ಲಿ ಜರಗಿತು. ಆದರೆ ಈ ವೃತ್ತಿಯ ಮಹಿಳೆಯರ ಮೇಲಿನ ನಿರ್ಬಂಧ ಹಾಗೆಯೇ ಉಳಿದಿತ್ತು. ಹೋಗಲಾರದವರು ಅದೇ ದಿನಗಳಲ್ಲಿ ಕೋಲ್ಕತ್ತದಲ್ಲಿ ಕೂಡಿ ತಮ್ಮದೇ ಸಮ್ಮೇಳನ ನಡೆಸಿದರು. ಕೋಲ್ಕತ್ತದ ದುರ್ಬಾರ್, ನಮ್ಮ ಮೈಸೂರಿನ ಆಶೋದಯ, ರಾಜ್ಯದ ಉತ್ತರ ಗಡಿಯಾಚೆ ಸಾಂಗ್ಲಿಯ ವ್ಯಾಂಪ್ ಮೊದಲಾದ ಸಂಘಟನೆಗಳ ಮಹಿಳೆಯರು ಸೋಂಕು ಹರಡದಂತೆ ದುಡಿದವರು. ರೋಗವನ್ನು ಕುರಿತ ಸಭೆಗೆ, ರೋಗದೊಡನೆ ಹೋರಾಡಿದವರಿಗೇ ಬಾಗಿಲು ಮುಚ್ಚಿತ್ತು.

ಈ ಬಗೆಯ ನಿಯಮ ಇಂದು ನಿನ್ನೆಯದಲ್ಲ. 1875ರಲ್ಲಿ ಅಮೆರಿಕ ಮಾಡಿದ ಪೇಜ್ ಕಾಯ್ದೆ, ವೇಶ್ಯಾವೃತ್ತಿಗೆಂದು ಪೂರ್ವದೇಶಗಳಿಂದ ಬರುವ ಹೆಂಗಸರನ್ನು ತಡೆಯಲು ಹುಟ್ಟಿತು. ಆದರೆ ಯಾರು ಆ ವೃತ್ತಿಯವರು, ಯಾರು ಅಲ್ಲ ಎಂದು ಬಂದರಿನ ಅಧಿಕಾರಿ ತಿಳಿಯುವುದು ಹೇಗೆ? ಪರಿಣಾಮವಾಗಿ ಚೀನಾದ ಹೆಣ್ಣುಮಕ್ಕಳೆಲ್ಲರೂ ಸಂಶಯಿತರಾದರು. ಗಂಡನನ್ನು ಕೂಡಿಕೊಳ್ಳಲು ಹೊರಟ ಹೆಂಡತಿಯರ ದಾರಿಯೂ ಮುಚ್ಚಿತು. 1979ರಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ, ಮದುವೆಗೆಂದು ಬಂದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವದ ಪರೀಕ್ಷೆಗೆ ಒಳಪಡಿಸಿದಾಗ ಜಗತ್ತು ತಲೆತಗ್ಗಿಸಿತು. ಆಕೆ ಮಾಡಿದ ತಪ್ಪೇನು? ಅಧಿಕಾರಿ ಆಕೆಯ ಮಾತನ್ನು ನಂಬಲಿಲ್ಲ, ಅಷ್ಟೇ. ‘ಕೆಟ್ಟ ಹೆಣ್ಣನ್ನು’ ಹುಡುಕಲು ಬೀಸಿದ ಬಲೆ ಬಡವಳಾದ, ಒಂಟಿಯಾದ, ಬಣ್ಣ ಬೇರೆಯಾದ ಪ್ರತಿ ಹೆಣ್ಣಿನ ಮೇಲೂ ಬೀಳುತ್ತದೆ ಎಂಬುದು ಈ ಚರಿತ್ರೆಯ ಪಾಠ.

ನಮ್ಮ ದೇಶದ ನಿಯಮಗಳಾದರೂ ಭಿನ್ನವೇ? 1983ರ ವಲಸೆ ಕಾಯ್ದೆಯಡಿ ಬೆಳೆದು ಬಂದ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ದಾಟದವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಸರಕಾರದ ವಲಸೆ ಅನುಮತಿ ಬೇಕೆಂದಾಯಿತು. ಮನೆಗೆಲಸಕ್ಕೆ ಹೋಗುವ ಹೆಣ್ಣಿಗೆ 30 ವರ್ಷ ತುಂಬಿರಬೇಕೆಂಬ ಷರತ್ತೂ ಸೇರಿತು. ಉದ್ದೇಶ ಒಳ್ಳೆಯದೇ. ಎಳೆಯ ಹೆಣ್ಣುಮಕ್ಕಳು ಮಾರಾಟವಾಗಬಾರದು, ಮನೆಗೆಲಸದ ಹೆಸರಿನಲ್ಲಿ ವೇಶ್ಯಾಗೃಹ ಸೇರಬಾರದು ಎಂಬ ಕಾಳಜಿ ಅದರ ಹಿಂದಿದೆ. ಆದರೆ 25ರ ಪ್ರಾಯದ, ಸಾಲದಲ್ಲಿ ಮುಳುಗಿದ ಮನೆಯ ಮಗಳು ಅನುಮತಿ ಸಿಗದೆಂದು ಮನೆಯಲ್ಲೇ ಉಳಿಯುತ್ತಾಳೆಯೇ? ಏಜೆಂಟನು ಆಕೆಗೆ ಸಂದರ್ಶನದ ವೀಸಾ ಮಾಡಿಸಿಕೊಡುತ್ತಾನೆ. ಪ್ರವಾಸಿಯೆಂದು ಹೋದವಳಿಗೆ ಕೆಲಸದ ಒಪ್ಪಂದವಿಲ್ಲ, ಸರಕಾರದ ಲೆಕ್ಕದಲ್ಲಿ ಹೆಸರಿಲ್ಲ. ಆಪತ್ತು ಬಂದರೆ ತೋರಿಸಲು ಒಂದು ಕಾಗದವೂ ಇಲ್ಲ. ನೇಪಾಳವು 2012ರಲ್ಲಿ 30ರ ಒಳಗಿನ ಹೆಣ್ಣುಮಕ್ಕಳು ಮನೆಗೆಲಸಕ್ಕೆಂದು ಕೊಲ್ಲಿಗೆ ಹೋಗದಂತೆ ತಡೆದಾಗಲೂ ಇದೇ ಆಯಿತು: ಅನೇಕರು ಭಾರತದ ಮೂಲಕ ಕಳ್ಳದಾರಿ ಹಿಡಿದರು. ನಮ್ಮ ಕರಾವಳಿಯ ಮಹಿಳೆಯೊಬ್ಬರು ಕತಾರಿನಲ್ಲಿ ಕೆಲಸವೆಂಬ ಮಾತನ್ನು ನಂಬಿ ಹೊರಟು, ಸೌದಿ ಅರೇಬಿಯದ ಮನೆಯೊಂದರಲ್ಲಿ ಸಿಲುಕಿ, ಬಹಳ ಪ್ರಯತ್ನದ ಮೇಲೆ 2017ರಲ್ಲಿ ಮರಳಿದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಕೆಯ ಪ್ರಯಾಣದಲ್ಲಿ ತಪಾಸಣೆಯ ಕಟ್ಟೆಗಳು ಇರಲಿಲ್ಲವೆಂದಲ್ಲ. ಅವು ಆಕೆಯ ಕಾಗದವನ್ನು ನೋಡಿದವು. ಆಕೆಯನ್ನು ಕಳುಹಿಸಿದವನನ್ನು ನೋಡಲಿಲ್ಲ.

ದೇಶದ ಒಳಗೂ ಗಡಿಗಳಿವೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯ 20ನೆಯ ಕಲಮಿನಂತೆ, ವೇಶ್ಯೆಯೆಂದು ಕಂಡುಬಂದವಳನ್ನು ಒಂದು ಊರಿನಿಂದ ಹೊರಹಾಕಲು ದಂಡಾಧಿಕಾರಿಗೆ ಅಧಿಕಾರವಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ದೇವದಾಸಿ ಪದ್ಧತಿಯ ಹೆಸರಿನಲ್ಲಿ ಸಾಂಗ್ಲಿ, ಪುಣೆ, ಮುಂಬಯಿಗಳ ಓಣಿಗಳನ್ನು ಸೇರಿದವರು ಕನ್ನಡ ಮಾತನಾಡುವ ಹೆಣ್ಣುಮಕ್ಕಳೇ. ಕರ್ನಾಟಕವು 1982ರಲ್ಲಿ ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ತಂದಿತು, ಬಡತನವನ್ನು ನಿಷೇಧಿಸಲಾಗಲಿಲ್ಲ. ಇಂಥವರಲ್ಲಿ ಅನೇಕರಿಗೆ ವಿಳಾಸದ ದಾಖಲೆಯೇ ಇಲ್ಲ. ಈ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಮೇ 19ರಂದು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ನೀಡಿದ ಆದೇಶ ಮಹತ್ವದ್ದು. ಕೋಲ್ಕತ್ತದಲ್ಲಿ ಕೊಲೆಯಾದ ಒಬ್ಬ ಹೆಣ್ಣಿನ ಮೊಕದ್ದಮೆಯಿಂದ ಆರಂಭವಾದ ಆ ವಿಚಾರಣೆಯಲ್ಲಿ, ಈ ವೃತ್ತಿಯವರಿಗೂ ಸಂವಿಧಾನದ 21ನೆಯ ವಿಧಿಯಂತೆ ಘನತೆಯ ಬದುಕಿನ ಹಕ್ಕುಂಟೆಂದೂ, ವಿಳಾಸದ ದಾಖಲೆಯಿಲ್ಲದಿದ್ದರೂ ಆಧಾರ್ ಚೀಟಿ ನೀಡಬೇಕೆಂದೂ, ಅದರಲ್ಲಿ ಆಕೆಯ ವೃತ್ತಿಯ ಸುಳಿವು ಇರಕೂಡದೆಂದೂ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಮೂವರಲ್ಲೊಬ್ಬರಾದ ಎ.ಎಸ್. ಬೋಪಣ್ಣನವರು ಸುಳ್ಯದ ನೆರೆಯ ಕೊಡಗಿನವರು. ಗುರುತಿನ ಚೀಟಿ ಮನುಷ್ಯಳನ್ನು ಗುರುತಿಸಲಿ, ಆಕೆಯ ಗಾಯವನ್ನಲ್ಲ ಎಂಬುದು ಆ ಆದೇಶದ ತಿರುಳೆಂದು ನಾವು ತಿಳಿಯುತ್ತೇವೆ.

ಹಾಗಾದರೆ ಧರ್ಮಸಭೆಯ ಬೋಧನೆ ಸಡಿಲವಾಯಿತೇ? ಖಂಡಿತ ಇಲ್ಲ. ದೇಹವು ಮಾರುವ, ಕೊಳ್ಳುವ ಸರಕಲ್ಲ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶವು ಈ ವಿಷಯದಲ್ಲಿ ಕೊಳ್ಳುವವನ ಪಾಪವನ್ನು ಗಂಭೀರವೆಂದು ಎಣಿಸುತ್ತದೆ. ಕಡುಬಡತನ, ಬೆದರಿಕೆ, ಸಮಾಜದ ಒತ್ತಡಗಳು ಹೆಣ್ಣಿನ ಹೊಣೆಯನ್ನು ಹಗುರಾಗಿಸಬಲ್ಲವೆಂದೂ ಒಪ್ಪುತ್ತದೆ. ವೀಸಾ ಅರ್ಜಿಯಲ್ಲಿ ಈ ವಿವೇಚನೆಗೆ ಸ್ಥಳವಿಲ್ಲ. ಗುರುಮಠದಲ್ಲಿ ನಾವು ಓದಿದ ಸಂತ ತೋಮಸ್ ಅಕ್ವಿನಾಸರು, ಮಾನವ ಕಾನೂನು ಎಲ್ಲ ದುರ್ಗುಣಗಳನ್ನೂ ದಂಡಿಸಲು ಹೊರಡಬಾರದು, ಮುಖ್ಯವಾಗಿ ಪರರಿಗೆ ಹಾನಿ ತರುವಂಥವನ್ನು ತಡೆಯಬೇಕು ಎಂದು ಕಲಿಸಿದರು. ಈ ಅಳತೆಗೋಲಿನಿಂದ ನೋಡಿದರೆ ಕಾನೂನಿನ ಕೈ ಬೀಳಬೇಕಾದುದು ವಂಚಿಸಿ ಸಾಗಿಸುವವನ ಮೇಲೆ, ಗಳಿಕೆ ಕಸಿದುಕೊಳ್ಳುವವನ ಮೇಲೆ. ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು ಮಾನವ ಸಾಗಾಟಕ್ಕೆ ಕಠಿಣ ಶಿಕ್ಷೆ ವಿಧಿಸುತ್ತದೆ. ಅದನ್ನು ಬಳಸಲಿ.

ಒಂದು ಆಕ್ಷೇಪಣೆಗೆ ಉತ್ತರಿಸಲೇಬೇಕು. ಗಡಿಯಲ್ಲಿ ತಪಾಸಣೆ ಇಲ್ಲದಿದ್ದರೆ ಸಾಗಿಸಲ್ಪಡುವ ಹುಡುಗಿಯರನ್ನು ಬಿಡಿಸುವವರು ಯಾರು? ಪ್ರಶ್ನೆ ನ್ಯಾಯವಾದದ್ದು. ತಪಾಸಣೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ‘ನೀನು ಎಂಥವಳು?’ ಎಂದು ಕೇಳುವ ತಪಾಸಣೆ ಬೇರೆ. ‘ನಿನಗೆ ಆಪತ್ತು ಉಂಟೇ?’ ಎಂದು ಕೇಳುವ ತಪಾಸಣೆ ಬೇರೆ. ಮೊದಲನೆಯದರ ಮುಂದೆ ಹೆಣ್ಣು ಸುಳ್ಳು ಹೇಳುತ್ತಾಳೆ. ಎರಡನೆಯದರ ಮುಂದೆ ಬಾಯಿ ಬಿಟ್ಟಾಳು. ಸತ್ಯ ಹೇಳಿದವಳಿಗೆ ಬಹಿಷ್ಕಾರವೇ ಫಲವಾದರೆ, ಸತ್ಯವನ್ನು ನಿರೀಕ್ಷಿಸುವ ಹಕ್ಕು ಪ್ರಶ್ನಿಸುವವನಿಗೆ ಎಲ್ಲಿಂದ ಬಂತು?

ಗಡಿಯಲ್ಲಿ ಸಂಶಯಕ್ಕೆ ಗುರಿಯಾಗುವುದೆಂದರೆ ಏನೆಂದು ನಮಗೆ ತಿಳಿಯದ್ದಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚಿನಲ್ಲಿ ಕಾಸರಗೋಡಿನ ದಾರಿಗಳಿಗೆ ಮಣ್ಣು ಸುರಿದುದನ್ನು, ಮುಂದಿನ ವರ್ಷ ತಲಪಾಡಿ, ಜಾಲ್ಸೂರುಗಳಲ್ಲಿ ಪರೀಕ್ಷೆಯ ಚೀಟಿ ಕೇಳಿದುದನ್ನು ಮರೆತಿಲ್ಲ. ಮದುವೆಗೋ ಮರಣಕ್ಕೋ ಹೊರಟವನು, ತಾನು ರೋಗಿಯಲ್ಲವೆಂದು ಸಾಬೀತುಪಡಿಸಬೇಕಾಗಿತ್ತು. ಆ ಅವಮಾನ ಕೆಲವು ತಿಂಗಳುಗಳದ್ದು. ಈ ಹೆಣ್ಣುಮಕ್ಕಳದ್ದು ಜೀವಮಾನದ್ದು.

ಇಷ್ಟು ಬರೆದ ಮೇಲೆ ನಮ್ಮದೇ ತಪ್ಪೊಂದನ್ನು ಹೇಳದಿದ್ದರೆ ಈ ಮಾತುಗಳಿಗೆ ಬೆಲೆಯಿಲ್ಲ. ಹಲವು ವರ್ಷಗಳ ಹಿಂದೆ, ಬೀಡಿ ಕಟ್ಟಿ ಬದುಕುತ್ತಿದ್ದ, ಗಂಡ ಬಿಟ್ಟುಹೋಗಿದ್ದ ತಾಯಿಯೊಬ್ಬರು ನಡತೆಯ ಪತ್ರ ಕೇಳಿ ಬಂದಿದ್ದರು. ಅವರ ಬಗ್ಗೆ ವಾಳೆಯಲ್ಲಿ ಗುಸುಗುಸು ಇತ್ತು. ನಿಜವೇನೆಂದು ನಾವು ವಿಚಾರಿಸಲಿಲ್ಲ. ಮುಂದಿನ ವಾರ ಬನ್ನಿರೆಂದೆವು. ಅವರು ಮತ್ತೆ ಬರಲಿಲ್ಲ. ಯಾರೋ ಏಜೆಂಟನ ಮೂಲಕ ಸಂದರ್ಶನದ ವೀಸಾದಲ್ಲಿ ಹೋದರೆಂದು ತಿಳಿಯಿತು. ಎರಡು ವರ್ಷಗಳ ಬಳಿಕ ಮರಳಿದರು. ಅಲ್ಲಿ ಏನಾಯಿತೆಂದು ಅವರು ಹೇಳಲಿಲ್ಲ. ಕೇಳುವ ಅಧಿಕಾರ ನಮಗೆ ಉಳಿದಿರಲಿಲ್ಲ. ಬಲಿಪೂಜೆಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತು ಎಲ್ಲರಿಗಿಂತ ಮೊದಲು ಎದ್ದು ಹೋಗುತ್ತಿದ್ದರು. ಕಟ್ಟೆಯ ಮೇಲೆ ಕುಳಿತ ತಪಾಸಣೆಯ ಅಧಿಕಾರಿ ದೂರದ ವಿಮಾನ ನಿಲ್ದಾಣದಲ್ಲಿರಲಿಲ್ಲ; ಧರ್ಮಕೇಂದ್ರದ ಕಚೇರಿಯಲ್ಲೇ ಇದ್ದನು.

ಆದುದರಿಂದ ನಮ್ಮ ಕುಟುಂಬಗಳಲ್ಲಿ ಕೆಲವು ಮಾತು. ಮಗಳನ್ನು ಪರದೇಶಕ್ಕೆ ಕಳುಹಿಸುವ ಮುನ್ನ ಏಜೆಂಟನ ಹೆಸರು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಿರಿ. ಕೆಲಸದ ಒಪ್ಪಂದದ ಪ್ರತಿಯೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿರಿ. ಓದಲು ಬಾರದಿದ್ದರೆ ಧರ್ಮಕೇಂದ್ರಕ್ಕೆ ತನ್ನಿರಿ. ಸಂದರ್ಶನದ ವೀಸಾದಲ್ಲಿ ಹೋಗಿ ಅಲ್ಲಿ ಕೆಲಸದ ವೀಸಾ ಮಾಡಿಸಬಹುದೆಂಬ ಮಾತಿಗೆ ಕಿವಿಗೊಡಬೇಡಿರಿ. ಮರಳಿ ಬಂದವಳನ್ನು ಏನು ತಂದೆಯೆಂದಾಗಲಿ, ಏನು ಮಾಡಿದೆಯೆಂದಾಗಲಿ ಕೇಳಬೇಡಿರಿ. ಊಟವಾಯಿತೇ ಎಂದು ಕೇಳಿರಿ.

ಸುಂಕದವರೂ ವೇಶ್ಯೆಯರೂ ದೇವರ ರಾಜ್ಯಕ್ಕೆ ಮೊದಲು ಸೇರುವರೆಂದು ಪ್ರಭುವು ಯಾಜಕರಿಗೂ ಹಿರಿಯರಿಗೂ ಎಚ್ಚರಿಸಿದುದು ಮತ್ತಾಯನ ಶುಭಸಂದೇಶದ 21ನೆಯ ಅಧ್ಯಾಯದಲ್ಲಿದೆ. ಸುಂಕದವನೆಂದರೆ ದಾರಿಯ ಕಟ್ಟೆಯಲ್ಲಿ ಕುಳಿತು ಹೋಗಿಬರುವವರನ್ನು ತಡೆಯುವವನು. ಮತ್ತಾಯನು ಸ್ವತಃ ಅಂಥ ಕಟ್ಟೆಯಿಂದ ಎದ್ದು ಬಂದವನು. ತಡೆಯುವವನನ್ನೂ ತಡೆಯಲ್ಪಟ್ಟವಳನ್ನೂ ಪ್ರಭುವು ಒಂದೇ ಉಸಿರಿನಲ್ಲಿ ಹೆಸರಿಸಿದರು. ಹೊರಗೆ ಉಳಿಯುವ ಭಯ ಯಾರಿಗಿರಬೇಕೆಂಬುದನ್ನು, ಪತ್ರಗಳಿಗೆ ಸಹಿ ಹಾಕುವ ನಾವು ಮೊದಲು ಯೋಚಿಸಬೇಕಾಗಿದೆ.