ಅಜ್ಜನ ಸೊಂಟಕ್ಕೆ ಹತ್ತಿಂಚು ಸೇರಿಸಿದ್ದು ಯಾರು?

ನಮ್ಮ ಅಕ್ಕಿಆಲೂರು ಕಡೆ ಹಳೇ ಮದುವೆ ಕ್ಯಾಸೆಟ್ಟುಗಳಿಗೆ ಮತ್ತೆ ಜೀವ ಬಂದಿದೆ. 90ರ ದಶಕದಲ್ಲಿ ತೆಗೆದ ವಿಎಚ್‌ಎಸ್ ಟೇಪುಗಳನ್ನು ಮಕ್ಕಳು ಟ್ರಂಕಿನಿಂದ ಹೊರತೆಗೆದು, ಪೆನ್‌ಡ್ರೈವಿಗೆ ಹಾಕಿಸಿಕೊಂಡು ಮನೆಯ ದೊಡ್ಡ ಟೀವಿಯಲ್ಲಿ ನೋಡ್ತಾರೆ. ಒಳ್ಳೇದೇ. ಆದರೆ ಹಾಗೆ ಬಂದ ಎಷ್ಟೋ ವಿಡಿಯೋಗಳಲ್ಲಿ ಮದುಮಗಳ ಮುಖ ಜೋಳದ ರೊಟ್ಟಿಯಂತೆ ಅಗಲ, ಬಡಕಲು ಅಜ್ಜ ಪೈಲ್ವಾನ! ನೋಡಿದವರು "ಹಳೇ ಕ್ಯಾಸೆಟ್ ಅಲ್ಲೇನ್ರೀ, ಹಂಗಾ ಇರ್ತದ" ಅಂದು ಸುಮ್ಮನಾಗ್ತಾರೆ.

ಹಂಗಾ ಇರೋದಿಲ್ಲ ಸ್ವಾಮಿ. ಕ್ಯಾಸೆಟ್ಟಿನದು ಇದರಲ್ಲಿ ಏನೂ ತಪ್ಪಿಲ್ಲ. ತಪ್ಪು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮೊದಲು ಮಾಡುವ ಪ್ರಾಜೆಕ್ಟ್ ಸೆಟ್ಟಿಂಗಿನದು.

ಲೆಕ್ಕ ನೋಡಿ. ನಮ್ಮ ದೇಶದ ಹಳೇ ಪಾಲ್ ಪದ್ಧತಿಯ ಟೇಪನ್ನು ಕಂಪ್ಯೂಟರಿಗೆ ಇಳಿಸಿದರೆ ಸಾಮಾನ್ಯವಾಗಿ ಸಿಗೋದು 720x576 ಚುಕ್ಕಿಗಳ ಚಿತ್ರ, ಸೆಕೆಂಡಿಗೆ 25 ಫ್ರೇಮು. ಪರದೆಯ ಆಕಾರ 4:3. ಇವತ್ತಿನ ಟೀವಿ 16:9, ಅಂದರೆ 1920x1080. ಈ ಪರದೆಯಲ್ಲಿ ಹಳೇ ಚಿತ್ರ ಸರಿಯಾಗಿ ಕೂರಬೇಕಾದರೆ 1440x1080 ಜಾಗ ಸಾಕು, ಎಡಕ್ಕೂ ಬಲಕ್ಕೂ 240 ಚುಕ್ಕಿಯಷ್ಟು ಕಪ್ಪು ಪಟ್ಟಿ ಉಳಿಯುತ್ತೆ. ಆ ಪಟ್ಟಿ ಕಾಣಬಾರದು ಅಂತ ಚಿತ್ರವನ್ನು ಎರಡೂ ಕಡೆ ಎಳೆದರೆ ಎಲ್ಲವೂ ಮೂರನೇ ಒಂದು ಭಾಗ ಹೆಚ್ಚು ಅಗಲ. 30 ಇಂಚಿನ ಸೊಂಟ 40 ಇಂಚು. ಅಜ್ಜ ಪೈಲ್ವಾನ ಆದದ್ದು ಹೀಗೆ.

ಎಳೆಯೋದು ಬೇಡ, ದೊಡ್ಡದು ಮಾಡಿ ಕತ್ತರಿಸೋಣ ಅಂದರೆ ಮೇಲೆ ಕೆಳಗೆ ಸೇರಿ ಕಾಲು ಭಾಗ ಚಿತ್ರ ಹೋಯ್ತು. ಬಾಸಿಂಗವಾದರೂ ಹೋಗಬೇಕು, ಅಕ್ಷತೆಯ ತಟ್ಟೆಯಾದರೂ ಹೋಗಬೇಕು.

ಇದರ ಮೇಲೆ "4ಕೆ ಕ್ವಾಲಿಟಿ ಮಾಡಿಕೊಡ್ತೀವಿ" ಅನ್ನೋ ಜಾಹೀರಾತು ಬೇರೆ! 720x576 ಅಂದರೆ ಸುಮಾರು 4.15 ಲಕ್ಷ ಚುಕ್ಕಿ. 4ಕೆ ಅಂದರೆ ಸುಮಾರು 83 ಲಕ್ಷ. ಒಂದಕ್ಕೆ ಇಪ್ಪತ್ತು. ಅಂದರೆ ಇಪ್ಪತ್ತರಲ್ಲಿ ಒಂದು ಟೇಪಿನದು, ಉಳಿದ ಹತ್ತೊಂಬತ್ತು ಸಾಫ್ಟ್‌ವೇರಿನ ಊಹೆ. ಈಗಂತೂ ಎಐ ಬಂದು, ಇಲ್ಲದ ಕಣ್ರೆಪ್ಪೆಯನ್ನೂ ಅದೇ ಬರೆದು ಕೊಡುತ್ತೆ. ಚೆಂದ ಕಾಣಬಹುದು. ಆದರೆ ಅದು ನಮ್ಮಜ್ಜಿಯ ಕಣ್ಣೇ?

ಸ್ಟುಡಿಯೋದವರನ್ನು ಬೈಯೋದು ಸುಲಭ. ಅವರ ಕಷ್ಟವೂ ಇದೆ. ಸರಿಯಾಗಿ ಮಾಡಿಕೊಟ್ಟರೆ ಗಿರಾಕಿಯೇ ತಿರುಗಿ ಬಂದು "ಎರಡೂ ಕಡೆ ಕಪ್ಪು ಬಂದೈತಲ್ರೀ ಅಣ್ಣಾರ, ಟೀವಿ ಪೂರಾ ತುಂಬಂಗ ಮಾಡ್ರಿ" ಅಂತಾನೆ. ರೊಕ್ಕ ಕೊಡೋನು ಅವನು. ಹಾಗಾಗಿ ಮೊದಲು ಬದಲಾಗಬೇಕಾದ್ದು ನಾವು. ಕಪ್ಪು ಪಟ್ಟಿ ದೋಷ ಅಲ್ಲ, ಫೋಟೋಕ್ಕೆ ಹಾಕಿಸಿದ ಕಟ್ಟು ಇದ್ದ ಹಾಗೆ.

ಹಳೇದು ಬಿಡಿ, ಹೊಸದರದ್ದೂ ಇದೇ ಕಥೆ. ದೀಪಾವಳಿ ಬಂತೆಂದರೆ ಹಾವೇರಿ ಜಿಲ್ಲೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆ. ಕೊಬ್ಬರಿ ಸರ, ಬಲೂನು ಕಟ್ಟಿದ ಹೋರಿ ಅಖಾಡದಲ್ಲಿ ಕಣ್ಣು ಮಿಟುಕಿಸೋದರಲ್ಲಿ ಹಾದುಹೋಗುತ್ತೆ. ಒಬ್ಬ ಕ್ಯಾಮೆರಾದಲ್ಲಿ 25 ಫ್ರೇಮಿಗೆ, ಇನ್ನೊಬ್ಬ ಮೊಬೈಲಿನಲ್ಲಿ 30ಕ್ಕೆ, ಅದೂ ಉದ್ದುದ್ದ ಹಿಡಿದು ತೆಗೆದಿರ್ತಾನೆ. ಎಲ್ಲ ಒಂದೇ ಟೈಮ್‌ಲೈನಿಗೆ ಸುರಿದರೆ? 30ರದ್ದನ್ನು 25ರ ಪ್ರಾಜೆಕ್ಟಿಗೆ ಹಾಕಿದರೆ ಪ್ರತಿ ಸೆಕೆಂಡಿಗೆ ಐದು ಫ್ರೇಮು ಬಿದ್ದುಹೋಗುತ್ತೆ. ಓಡುವ ಹೋರಿ ಕುಂಟಿದಂತೆ ಕಾಣುತ್ತೆ. ವರ್ಷಪೂರ್ತಿ ಮೇವು ಹಾಕಿ ಸಾಕಿದ ರೈತನಿಗೆ ಇದಕ್ಕಿಂತ ಅವಮಾನ ಬೇಕೆ?

ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ. ಮೊದಲು ಕ್ಲಿಪ್ ನೋಡಿ, ಆಮೇಲೆ ಪ್ರಾಜೆಕ್ಟ್ ಮಾಡಿ. ಕ್ಲಿಪ್ಪಿನ ಗುಣಲಕ್ಷಣಗಳಲ್ಲಿ ಅಳತೆ, ಫ್ರೇಮ್ ರೇಟ್ ಎರಡೂ ಬರೆದಿರುತ್ತೆ. ಬೇರೆ ಬೇರೆ ಅಳತೆಯ ಕ್ಲಿಪ್ಪುಗಳಿದ್ದರೆ ಯಾವುದು ಹೆಚ್ಚಿದೆಯೋ, ಯಾವುದು ಮುಖ್ಯವೋ ಅದಕ್ಕೆ ಹೊಂದಿಸಿ. ಕೆಡೆನ್‌ಲೈವ್‌ನಂಥ ಉಚಿತ ಸಾಫ್ಟ್‌ವೇರು ಮೊದಲ ಕ್ಲಿಪ್ ಹಾಕಿದಾಗ, ಅದು ಹೊಂದದಿದ್ದರೆ, ಪ್ರಾಜೆಕ್ಟನ್ನು ಅದಕ್ಕೆ ತಕ್ಕಂತೆ ಬದಲಿಸಲೇ ಅಂತ ತಾನೇ ಕೇಳುತ್ತೆ. ಓದದೆ ಬೇಡ ಅಂತ ಒತ್ತಬೇಡಿ. ಡಾವಿಂಚಿ ರಿಸಾಲ್ವ್‌ನಲ್ಲಂತೂ ಒಮ್ಮೆ ಕ್ಲಿಪ್ ಒಳಗೆ ಹಾಕಿದ ಮೇಲೆ ಪ್ರಾಜೆಕ್ಟಿನ ಫ್ರೇಮ್ ರೇಟ್ ಬದಲಿಸಲು ಬಿಡೋದಿಲ್ಲ. ಶೂಟಿಂಗಿಗೆ ಮುಂಚೆಯೇ ಎಲ್ಲರೂ 25 ಅಥವಾ 50 ಅಂತ ಮಾತಾಡಿಕೊಂಡರೆ ಅರ್ಧ ತಲೆನೋವು ಕಡಿಮೆ. ನಮ್ಮ ಕರೆಂಟು 50 ಹರ್ಟ್ಸ್, ಶಟರನ್ನು 1/50ಕ್ಕೆ ಇಟ್ಟರೆ ಮಂಟಪದ ಟ್ಯೂಬ್‌ಲೈಟಿನ ಮಿಣಮಿಣವೂ ತಪ್ಪುತ್ತೆ.

ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ ಅಂತೀರಾ? ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಜಪಾನಿ ಕಂಪನಿಯೂ 2016ರಲ್ಲಿ ಕೈಬಿಟ್ಟಿತು. ಇರುವ ಹಳೇ ಯಂತ್ರಗಳು ಕೆಟ್ಟರೆ ಮುಗೀತು, ಟೇಪಿಗೂ ಬೂಷ್ಟು ಹಿಡೀತಿದೆ. ಒಮ್ಮೆ ಇಳಿಸಿಕೊಂಡದ್ದೇ ಮುಂದಿನ ತಲೆಮಾರಿಗೆ ಸಿಗೋದು. 1914ರಲ್ಲಿ ನಮ್ಮ ಸೀಮೆಯ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು ತೀರಿಕೊಂಡದ್ದು 2010ರಲ್ಲಿ. ಅವರನ್ನು ಕಣ್ಣಾರೆ ಕಂಡವರಿಗೆ ವಿಡಿಯೋ ಹಿಗ್ಗಿದ್ದರೆ ತಕ್ಷಣ ಗೊತ್ತಾಗುತ್ತೆ. ಇವತ್ತಿನ ಮಕ್ಕಳಿಗೆ? ಪರದೆಯಲ್ಲಿ ಕಂಡದ್ದೇ ಗವಾಯಿಗಳು. ನಮ್ಮನೆ ಅಜ್ಜನಿಗೂ ಅದೇ ಮಾತು, ಮೊಮ್ಮಕ್ಕಳು ನೋಡೋದು ಆ ಒಂದೇ ವಿಡಿಯೋದಲ್ಲಿ.

ಆದ್ದರಿಂದ ಕ್ಯಾಸೆಟ್ ಕೊಡುವಾಗ ಒಂದು ಮಾತು ಹೇಳಿ: "ಅಣ್ಣಾರ, 4:3 ಇದ್ದಂಗ ಇರ್ಲಿ, ಎಳೀಬ್ಯಾಡ್ರಿ. ಎಡಿಟ್ ಮಾಡದ ಫೈಲನ್ನೂ ಕೊಡ್ರಿ." ಕ್ಯಾಸೆಟ್ಟನ್ನು ಮಾತ್ರ ಎಸೀಬೇಡಿ, ವಾಪಸ್ ತಂದು ಒಣ ಜಾಗದಲ್ಲಿಡಿ. ಟೀವಿಯ ಎರಡು ಬದಿ ಕಪ್ಪಗಿದ್ದರೆ ಇರಲಿ, ನಡುವೆ ಇರೋರು ನಮ್ಮೋರ ಥರ ಕಂಡರೆ ಸಾಕು.

ಇದು ನನ್ನ ಅನಿಸಿಕೆ. ನೀವೇನಂತೀರಿ?