ಆ ಚೀಟಿ ಇಟ್ಟುಕೊಂಡು ಗಾಡಿ ಓಡಿಸಬಹುದೇ?

ಕೊನೆ ಕೊಯ್ಲು ಬಂತೆಂದರೆ ನಮ್ಮ ತ್ಯಾಗಲಿ ಕಡೆ ಎಲ್ಲರದೂ ಒಂದೇ ತಲೆಬಿಸಿ. ಕೊನೆಗೌಡ ಸಿಗಬೇಕು. ಅವನು ಇವತ್ತು ಒಬ್ಬರ ತೋಟದಲ್ಲಿ, ನಾಳೆ ಇನ್ನೊಬ್ಬರ ತೋಟದಲ್ಲಿ. ಬರುತ್ತೇನೆ ಅಂದ ದಿನ ನಾವೇ ಹೋಗಿ ಕರೆದು ತರಬೇಕು. ಬಸ್ಸಿಗೆ ಕಾದರೆ ಅರ್ಧ ದಿನ ಹೋಯಿತು. ಹಾಗಾಗಿ ಬೈಕು.

ಎರಡು ಕೊಯ್ಲಿನ ಹಿಂದೆ ನಾನೂ ಹಾಗೇ ಹೋದೆ. ವಾಪಸು ಬರುವಾಗ ಕೊನೆಗೌಡ, ಅವನ ಸಂಗಡಿಗ, ನಾನು. ಒಂದೇ ಬೈಕಿನಲ್ಲಿ ಮೂವರು. ದಾರಿಯಲ್ಲಿ ಒಂದು ಪೇಟೆಯ ಹತ್ತಿರ ತಡೆದರು. ತಪ್ಪು ನನ್ನದೇ, ವಾದ ಮಾಡಲಿಲ್ಲ. ದಂಡ ಕಟ್ಟಿದೆ. ಲೈಸೆನ್ಸ್ ತೆಗೆದುಕೊಂಡು ಒಂದು ಚೀಟಿ ಕೊಟ್ಟರು. ದಂಡ ಕಟ್ಟಾಯಿತು, ಕಾರ್ಡು ಆಮೇಲೆ ಬರುತ್ತದೆ ಎಂದುಕೊಂಡು ಚೀಟಿ ಜೇಬಿಗೆ ಹಾಕಿ ಮನೆಗೆ ಬಂದೆ.

ಆಮೇಲೆ ಸುಮಾರು ಎರಡು ತಿಂಗಳು ಆ ಚೀಟಿಯ ಧೈರ್ಯದಲ್ಲೇ ಬೈಕು ಓಡಿಸಿದೆ. ಪಿಕಪ್‌ನಲ್ಲಿ ಚೀಲ ಹೇರಿಕೊಂಡು ಶಿರಸಿಗೂ ಹೋಗಿಬಂದೆ. ಒಂದು ದಿನ ತಂಗಿಯ ಮಗ ಮನೆಗೆ ಬಂದಿದ್ದ. ಚೀಟಿ ನೋಡಿ, "ಮಾವ, ಇದು ಗಾಡಿ ಓಡಿಸೋ ಚೀಟಿ ಅಲ್ಲ. ಲೈಸೆನ್ಸ್ ಕಳಿಸಿದ್ದಾರೆ ಅನ್ನೋದಕ್ಕೆ ರಸೀದಿ ಅಷ್ಟೆ" ಅಂದ. ಮೊಬೈಲಿನಲ್ಲಿ ನಂಬರ್ ಹಾಕಿ ನೋಡಿದ. ನನ್ನ ಲೈಸೆನ್ಸ್ ಅಮಾನತಾಗಿ ಆಗಲೇ ಮೂರು ವಾರ ಕಳೆದಿತ್ತು!

ವಿಚಾರಣೆಗೆ ಕರೆದ ನೋಟೀಸು, ಆದೇಶ ಎರಡೂ ಹೋಗಿದ್ದವು. ಆದರೆ ಹೋಗಿದ್ದು ಲೈಸೆನ್ಸಿನಲ್ಲಿದ್ದ ವಿಳಾಸಕ್ಕೆ. ತೋಟಕ್ಕೆ ಮರಳುವ ಮೊದಲು ನಾನು ನೌಕರಿ ಮಾಡುತ್ತಿದ್ದ ಊರಿನ ಬಾಡಿಗೆ ಮನೆ ಅದು. ವಿಳಾಸ ಬದಲಿಸಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಚೀಟಿಯಲ್ಲಿ ಎರಡು ಜಾತಿ

ಆಮೇಲೆ ಕಾನೂನು ತಿಳಿದವರ ಹತ್ತಿರ ಕೂತು ವಿಷಯ ಕೇಳಿಕೊಂಡೆ. 1988ರ ಮೋಟಾರು ವಾಹನ ಕಾಯ್ದೆಯ 206ನೇ ಕಲಮಿನಲ್ಲಿ ಇದೆಲ್ಲ ಇದೆ. ಚಾಲಕ ತಪ್ಪಿಸಿಕೊಂಡಾನು ಎಂಬ ಕಾರಣಕ್ಕೆ ಲೈಸೆನ್ಸ್ ತೆಗೆದುಕೊಂಡು ಕೊಡುವ ಚೀಟಿ ಒಂದು ಬಗೆ. ಅದರಲ್ಲಿ ಹಾಕಿದ ದಿನಾಂಕದವರೆಗೆ ಗಾಡಿ ಓಡಿಸಬಹುದು. ಇನ್ನೊಂದು, 2019ರ ತಿದ್ದುಪಡಿಯಲ್ಲಿ ಸೇರಿದ್ದು. ಅತಿವೇಗ, ಅಪಾಯಕಾರಿ ಚಾಲನೆ, ಕುಡಿದು ಓಡಿಸುವುದು, ಬೈಕಿನಲ್ಲಿ ಮೂವರು, ಹೆಲ್ಮೆಟ್ ಇಲ್ಲದಿರುವುದು ಇಂಥ ತಪ್ಪುಗಳಿಗೆ ಲೈಸೆನ್ಸನ್ನು ವಶಕ್ಕೆ ತೆಗೆದುಕೊಂಡು, ಅಮಾನತಿನ ಕ್ರಮಕ್ಕಾಗಿ ಸಾರಿಗೆ ಕಚೇರಿಗೆ ಕಳಿಸುತ್ತಾರೆ. ಆಗ ಕೊಡುವ ಚೀಟಿಯ ಮೇಲೆ, ಲೈಸೆನ್ಸ್ ಮರಳಿ ಕೈಗೆ ಬರುವವರೆಗೆ, ಗಾಡಿ ಓಡಿಸುವಂತೆಯೇ ಇಲ್ಲ.

ನಮ್ಮಂಥವರು ಇನ್ನೊಂದು ಕಡೆಯೂ ಸಿಕ್ಕಿಬೀಳುತ್ತೇವೆ. 2015ರಲ್ಲಿ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ ಕೆಲವು ತಪ್ಪುಗಳಿಗೆ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು ರಾಜ್ಯಗಳಿಗೆ ಸೂಚಿಸಿತು. ಸರಕು ಗಾಡಿಯಲ್ಲಿ ಜನ ಸಾಗಿಸುವುದು, ಮಿತಿಮೀರಿ ಹೇರುವುದು, ಓಡಿಸುವಾಗ ಮೊಬೈಲಿನಲ್ಲಿ ಮಾತಾಡುವುದು ಆ ಪಟ್ಟಿಯಲ್ಲಿವೆ. ಪಿಕಪ್ ಹಿಂದೆ ಆಳುಗಳನ್ನು ನಿಲ್ಲಿಸಿಕೊಂಡು ಬರದ ತೋಟದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಅಮಾನತಾಗಿದ್ದಾಗ ಓಡಿಸಿದರೆ 182ನೇ ಕಲಮಿನ ಪ್ರಕಾರ 3 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. 2019ಕ್ಕೆ ಮೊದಲು ಈ ದಂಡ 500 ರೂಪಾಯಿ ಇತ್ತು.

ಜೈಲು, ದಂಡಕ್ಕಿಂತ ನನಗೆ ನಿದ್ದೆ ಕೆಡಿಸಿದ್ದು ವಿಮೆ. ಆ ಎರಡು ತಿಂಗಳಲ್ಲಿ ನನ್ನ ಪಿಕಪ್ ಯಾರಿಗಾದರೂ ತಾಗಿದ್ದರೆ? ಚಾಲಕನ ಲೈಸೆನ್ಸ್ ಅಮಾನತಾಗಿತ್ತು ಎಂದು ವಿಮೆ ಕಂಪನಿ ತಕರಾರು ತೆಗೆಯಬಹುದು. ಗಾಯವಾದವರಿಗೆ ಕಂಪನಿ ಮೊದಲು ಪರಿಹಾರ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಕೋರ್ಟು ಹೇಳಬಹುದು. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ದಾರಿಯನ್ನು ವಿವರವಾಗಿ ಹೇಳಿದೆ. ವಿಮೆ ಕಂತು ತಪ್ಪದೆ ಕಟ್ಟಿಯೂ ತೋಟ ಅಡವಿಡುವ ಪರಿಸ್ಥಿತಿ ಬಂತಲ್ಲ! ಅದೇ ತೀರ್ಪಿನಲ್ಲಿ ಒಂದು ಸಮಾಧಾನವೂ ಇದೆ. ಚಾಲಕನ ಲೈಸೆನ್ಸ್ ಸರಿಯಿದೆಯೇ ಎಂದು ಮಾಲೀಕ ತಕ್ಕ ಎಚ್ಚರ ವಹಿಸಿ ನೋಡಿದ್ದರೆ, ಹೊಣೆಯನ್ನು ಅವನ ತಲೆಗೆ ಕಟ್ಟುವುದು ಕಂಪನಿಗೆ ಸುಲಭವಲ್ಲ. ಅಂದರೆ ಪಿಕಪ್ಪಿಗೋ ಟ್ರ್ಯಾಕ್ಟರಿಗೋ ಬದಲಿ ಚಾಲಕನನ್ನು ಕರೆದಾಗಲೂ ಒಮ್ಮೆ ನೋಡುವುದು ನಮ್ಮ ಕೆಲಸವೇ.

ನೋಡುವುದು ಹೇಗೆ?

ಕೇಂದ್ರ ಸರಕಾರದ ಪರಿವಾಹನ್ ಜಾಲತಾಣದಲ್ಲಿ ಲೈಸೆನ್ಸ್ ವಿವರ ತಿಳಿಯುವ ವ್ಯವಸ್ಥೆ ಇದೆ. ಲೈಸೆನ್ಸ್ ನಂಬರು, ಹುಟ್ಟಿದ ತಾರೀಕು ಹಾಕಬೇಕು. ಚಾಲ್ತಿಯಲ್ಲಿದ್ದರೆ 'ಆಕ್ಟಿವ್' ಎಂದು ಬರುತ್ತದೆ. ಬೇರೇನಾದರೂ ಬಂದರೆ ಎಚ್ಚರ. ಎಂಪರಿವಾಹನ್ ಆ್ಯಪ್‌ನಲ್ಲೂ ನೋಡಬಹುದು. ನಮ್ಮ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡ ಹತ್ತಿದಾಗ ಮಾತ್ರ. ಹಾಗಾಗಿ ಪೇಟೆಗೆ ಹೋದ ದಿನವೇ ನೋಡಿಬಿಡಿ.

ಹಳೆಯ ಪುಸ್ತಕದ ಲೈಸೆನ್ಸ್ ಇದ್ದವರ ವಿವರ ಕಂಪ್ಯೂಟರಿನಲ್ಲಿ ಸಿಗದೇ ಇರಬಹುದು. ಸಿಗಲಿಲ್ಲ ಅಂದರೆ ರದ್ದಾಯಿತು ಅಂತಲ್ಲ. ಹಾಗೆಯೇ, 'ಆಕ್ಟಿವ್' ಎಂದು ಬಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆಯೂ ಬೇಡ. ಆದೇಶವಾದದ್ದು ಇನ್ನೂ ಕಂಪ್ಯೂಟರಿಗೆ ಏರದೇ ಇರಬಹುದು. ಲೈಸೆನ್ಸ್ ವಶಕ್ಕೆ ಹೋಗಿದ್ದರೆ ಚೀಟಿ ಹಿಡಿದುಕೊಂಡು ಸಾರಿಗೆ ಕಚೇರಿಗೇ ಹೋಗಿ ಕೇಳಬೇಕು. ನಂಬರಿನ ಮೊದಲ ಭಾಗ ನೋಡಿದರೆ ಯಾವ ಕಚೇರಿಯ ಲೈಸೆನ್ಸ್ ಎಂದು ತಿಳಿಯುತ್ತದೆ. ಕೆಎ-31 ಅಂದರೆ ಶಿರಸಿ. ಬಾಯಲ್ಲಿ ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ.

ಅಮಾನತಾಗಿದ್ದರೆ ಆದೇಶದ ಪ್ರತಿ ಪಡೆಯಿರಿ. ಎಲ್ಲ ಬಗೆಯ ವಾಹನಗಳಿಗೋ, ಒಂದು ಬಗೆಗೆ ಮಾತ್ರವೋ, ಯಾವ ದಿನದಿಂದ ಯಾವ ದಿನದವರೆಗೆ ಎಂದು ಓದಿ ನೋಡಿ. ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಲು ಅವಕಾಶ ಇದೆ. ಅವಧಿ ಮುಗಿದ ಮಾತ್ರಕ್ಕೆ ಲೈಸೆನ್ಸ್ ತಾನಾಗಿ ಮನೆಗೆ ಬರುವುದಿಲ್ಲ. ಮರುತರಬೇತಿ ಮುಗಿಸಿದ ಮೇಲೆ ವಾಪಸು ಕೊಡಬೇಕು ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದನ್ನೂ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಸರಕಾರ ಮಾಡಬೇಕಾದ್ದು

ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಬೈಕಿನಲ್ಲಿ ಮೂವರು ಕೂತು ಬಿದ್ದರೆ ಕೊನೆಗೌಡನ ಮನೆಯವರಿಗೆ ಯಾರು ಉತ್ತರ ಹೇಳುತ್ತಾರೆ? ಆದರೆ ಶಿಕ್ಷೆ ಆಗಿದೆ ಎಂಬುದು ಶಿಕ್ಷೆ ಪಡೆದವನಿಗೆ ಗೊತ್ತಾಗಬೇಕಲ್ಲ! ಗೊತ್ತಿಲ್ಲದೆ ಓಡಿಸುತ್ತಿರುವವನಿಂದ ಅವನಿಗೂ ಅಪಾಯ, ದಾರಿಹೋಕರಿಗೂ ಅಪಾಯ. ಅಮಾನತು ಮಾಡುವ ಮೊದಲು ಅವನ ಮಾತು ಕೇಳಬೇಕೆಂದು ಕಾಯ್ದೆಯ 19ನೇ ಕಲಮು ಹೇಳುತ್ತದೆ. ನೋಟೀಸು ಹಳೇ ಮನೆಯ ಬಾಗಿಲಿಗೆ ಹೋದರೆ ಮಾತು ಕೇಳಿದಂತಾಯಿತೇ?

ದೊಡ್ಡ ಖರ್ಚಿನ ಕೆಲಸವೇನಲ್ಲ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ 'ಇದನ್ನಿಟ್ಟುಕೊಂಡು ವಾಹನ ಓಡಿಸುವಂತಿಲ್ಲ' ಎಂದು ಅಚ್ಚು ಹಾಕಲಿ. ತಡೆದ ಜಾಗದಲ್ಲೇ ಈಗಿನ ವಿಳಾಸ, ಮೊಬೈಲ್ ನಂಬರು ಕೇಳಿ ಬರೆದುಕೊಳ್ಳಲಿ. ನೋಟೀಸು, ಆದೇಶ ಆ ವಿಳಾಸಕ್ಕೂ ಬರಲಿ, ಮೊಬೈಲಿಗೆ ಕನ್ನಡದಲ್ಲಿ ಒಂದು ಸಂದೇಶವೂ ಬರಲಿ. ಬ್ಯಾಂಕಿನವರು ಸಾಲದ ಕಂತು ನೆನಪಿಸಲು ಇಷ್ಟು ಮಾಡುತ್ತಾರೆ. ಸರಕಾರಕ್ಕೆ ಆಗದೇ?

ಅಲ್ಲಿಯವರೆಗೆ ನಮ್ಮ ಎಚ್ಚರ ನಮಗೆ. ನಾನು ಆ ಸಲ ಉಳಿದ ಅಡಿಕೆಯನ್ನು ಬಾಡಿಗೆ ಗಾಡಿಯಲ್ಲಿ ಸಾಗಿಸಿದೆ. ಬಾಡಿಗೆ ಕೊಡುವಾಗ ಹೊಟ್ಟೆ ಉರಿಯಿತು ನಿಜ, ಆದರೆ ರಾತ್ರಿ ನಿದ್ದೆ ಬಂತು. ಲೈಸೆನ್ಸ್ ಕೈಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ವಿಳಾಸ ಬದಲಿಸಿದ್ದು. ಈಗ ಕೊನೆಗೌಡನನ್ನು ಕರೆತರಲು ಎರಡು ಸಲ ಹೋಗುತ್ತೇನೆ, ಒಂದು ಹೆಲ್ಮೆಟ್ ಹೆಚ್ಚಿಗೆ ಒಯ್ಯುತ್ತೇನೆ. ಅವನಿಗೆ ನಗು!

ಕೊಯ್ಲಿಗೆ ಮೊದಲು ದೋಟಿ, ಹಗ್ಗ ಗಟ್ಟಿಯಿದೆಯೇ ಎಂದು ನೋಡಿಡುತ್ತೇವಲ್ಲ, ಹಾಗೆ ಮನೆಯಲ್ಲಿ ಗಾಡಿ ಓಡಿಸುವವರೆಲ್ಲರ ಲೈಸೆನ್ಸೂ ಒಮ್ಮೆ ನೋಡಿಡಿ. ಅದರಲ್ಲಿರುವ ವಿಳಾಸ ಈಗಿನದೇ ಹೌದೋ ನೋಡಿ. ನನ್ನ ಹಾಗೆ ಸಿಕ್ಕಿಬಿದ್ದವರು ಇನ್ನೂ ಇರಬಹುದು. ನಾಚಿಕೆ ಬಿಟ್ಟು ಬರೆಯಿರಿ, ಉಳಿದವರಿಗೆ ಉಪಕಾರವಾದೀತು.