ನೆಟ್ ನಿಲ್ಲಿಸುವವರು ರೊಕ್ಕದ ದಾರಿಯನ್ನೂ ನೋಡಲಿ

2023ರ ಜೂನ್ 7, ಬುಧವಾರ. ಸಾಮಾಜಿಕ ಜಾಲತಾಣದ ಸ್ಟೇಟಸ್ ವಿಷಯಕ್ಕೆ ಹೊತ್ತಿಕೊಂಡ ಗಲಾಟೆ ಕೊಲ್ಹಾಪುರದ ಶಿವಾಜಿ ಚೌಕದ ಸುತ್ತಮುತ್ತ ಕಲ್ಲುತೂರಾಟಕ್ಕೆ, ಲಾಠಿಪ್ರಹಾರಕ್ಕೆ ಹೋಗಿ ಮುಟ್ಟಿತು. ವದಂತಿ ಹಬ್ಬಬಾರದೆಂದು ಜಿಲ್ಲೆಯಲ್ಲಿ ಇಂಟರ್ನೆಟ್ ನಿಲ್ಲಿಸಿದರು. ಮರುದಿನ ಅದೇ ಜಿಲ್ಲೆಯ ಇಚಲಕರಂಜಿಯ ನಮ್ಮ ಪವರ್‌ಲೂಮ್ ಕಾರ್ಖಾನೆಯಲ್ಲಿ ವಾರದ ಪಗಾರ ಕೊಡಬೇಕಿತ್ತು.

ನಾನು ಅಲ್ಲಿ ದಿವಾಣಜಿ. ಯಾವ ಮಗ್ಗದಿಂದ ಎಷ್ಟು ಮೀಟರ್ ಬಟ್ಟೆ ಇಳಿಯಿತು, ಎಷ್ಟು ಪಿಕ್ಕಿನದು, ಯಾರ ಪಾಳಿ ಎಂದು ಲೆಕ್ಕ ಬರೆದು ಪಗಾರ ಹಂಚುವುದು ನನ್ನ ಕೆಲಸ. ಮೊದಲೆಲ್ಲ ಬ್ಯಾಂಕಿನಿಂದ ನೋಟಿನ ಕಟ್ಟು ತಂದು ಒಬ್ಬೊಬ್ಬರ ಹೆಸರಿನ ಪಾಕೀಟು ಮಾಡಿಡುತ್ತಿದ್ದೆ. ಈಗ ಹೆಚ್ಚಿನವರಿಗೆ ಫೋನಿನಿಂದಲೇ ಹಾಕುತ್ತೇವೆ. ಆ ಗುರುವಾರ ಮಾಲೀಕರ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇತ್ತು, ಪಗಾರ ಮಾತ್ರ ಯಾರಿಗೂ ಮುಟ್ಟಲಿಲ್ಲ. ಗಲ್ಲಾದಲ್ಲಿದ್ದ ನಗದನ್ನೇ ಎಲ್ಲರಿಗೂ ಅಷ್ಟಷ್ಟು ಹಂಚಿದೆ.

ಮಗ್ಗಕ್ಕೆ ನೂಲಿನ ಕಾಂಡಿ ಸುತ್ತುವ ಅಕ್ಕನೊಬ್ಬಳ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಹಿಂದಿನ ವಾರದ ಪಗಾರದಲ್ಲಿ ಉಳಿದದ್ದು ಅವಳ ಖಾತೆಯಲ್ಲಿತ್ತು. ಕಿರಾಣಿ ಅಂಗಡಿಗೆ ಹೋಗಿ ಎಣ್ಣೆ, ಬೇಳೆ ಕಟ್ಟಿಸಿ, ಸ್ಕ್ಯಾನ್ ಮಾಡಲು ಆಗದೆ, ಕಟ್ಟಿದ್ದನ್ನು ಅಲ್ಲೇ ಇಟ್ಟು ಬಂದಿದ್ದಳು. “ಫೋನಿನ್ಯಾಗ ರೊಕ್ಕ ಐತಿ ದಿವಾಣಜಿ, ಅಂಗಡ್ಯಾಂವ ಹೌದಂತಾನ, ಕೊಡಾಕ ಮಾತ್ರ ಬರವಲ್ದು. ನಾ ದುಡದದ್ದು ಹೌದಲ್ಲೋ?” ಎಂದು ಕೇಳಿದಳು.

ಅವಳು ದುಡಿದದ್ದು ಹೌದು. ಅದನ್ನು ಮುಟ್ಟುವ ದಾರಿಯನ್ನು ಆಡಳಿತದ ಒಂದು ಆದೇಶ ಮುಚ್ಚಿತ್ತು. ಶಾಂತಿ ಕಾಪಾಡಲು ನೆಟ್ ನಿಲ್ಲಿಸಬೇಕೋ ಬೇಡವೋ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಅಂಥ ಆದೇಶ ಹೊರಡಿಸುವವರು ಬಡವರ ರೊಕ್ಕವೂ ಅದರ ಜೊತೆಗೇ ನಿಲ್ಲುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದು ಬೇರೆ ದಾರಿ ಮಾಡಿಕೊಡಬೇಕು. ಅದು ಅವರ ಹೊಣೆ.

ಹತ್ತು ರೂಪಾಯಿಯ ಚಹಾಕ್ಕೆ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಏನೇನು ನಡೆಯುತ್ತದೆ ನೋಡಿ. ನಮ್ಮ ಫೋನಿನಿಂದ ಹೊರಟ ಸಂದೇಶ ರಾಷ್ಟ್ರೀಯ ಪಾವತಿ ನಿಗಮದ ಕಂಪ್ಯೂಟರಿಗೆ ಹೋಗಬೇಕು. ಅದು ನಮ್ಮ ಬ್ಯಾಂಕನ್ನು ಕೇಳಿ ಹತ್ತು ರೂಪಾಯಿ ಕಳೆಯಿಸಿ, ಅಂಗಡಿಯವನ ಬ್ಯಾಂಕಿಗೆ ಹೇಳಿ ಕೂಡಿಸಬೇಕು, ಆಮೇಲೆ ಎರಡೂ ಕಡೆ ಉತ್ತರ ತಿರುಗಿ ಬರಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಚಹಾದ ಲೆಕ್ಕ ತೀರುವುದಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕುಳಿತು ರೊಕ್ಕ ಬಂತೆಂದು ಕೂಗಿ ಹೇಳುವ ಆ ಸಣ್ಣ ಡಬ್ಬಿಯೊಳಗೂ ಒಂದು ಸಿಮ್ ಇರುತ್ತದೆ. ಮೊಬೈಲ್ ನೆಟ್ ನಿಂತಾಗ ಗಿರಾಕಿ ಯಾರದೋ ಮನೆಯ ವೈಫೈ ಹಿಡಿದು ರೊಕ್ಕ ಕಳಿಸಿದರೂ ಡಬ್ಬಿ ಮಾತಾಡುವುದಿಲ್ಲ. ಡಬ್ಬಿ ಮಾತಾಡದಿದ್ದರೆ ಅಂಗಡಿಯವನು ನಂಬುವುದಿಲ್ಲ, ಹಾಗೆಂದು ಅವನನ್ನು ದೂರುವಂತೆಯೂ ಇಲ್ಲ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಸಾಮಾನು ಒಯ್ದವರನ್ನು ಅವನು ಕಂಡಿದ್ದಾನೆ.

ಫೋನಿನಿಂದ ರೊಕ್ಕ ಕಳಿಸುವ ಈ ಯುಪಿಐ ಪದ್ಧತಿ ಬಂದದ್ದು 2016ರಲ್ಲಿ. ಅದೇ ವರ್ಷ ನವೆಂಬರ್ 8ರಂದು 500, 1000ದ ನೋಟು ರದ್ದಾದಾಗ ವಾರದ ಪಗಾರ ಹೊಂದಿಸಲು ಇಚಲಕರಂಜಿ ಪಟ್ಟ ಪಾಡು ನನಗೆ ನೆನಪಿದೆ. ಆಗ ಕೈಯಲ್ಲಿ ನೋಟಿಲ್ಲದೆ ಮಗ್ಗ ನಿಂತವು, ಫೋನಿನ ರೊಕ್ಕ ಕಲಿಯಿರಿ ಎಂದು ಎಲ್ಲರೂ ಹೇಳಿದರು. ನಮ್ಮ ಜನ ಕಲಿತರು. ಅದರಿಂದ ಒಳ್ಳೆಯದೂ ಆಗಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. ಉತ್ತರ ಪ್ರದೇಶದಿಂದ, ಬಿಹಾರದಿಂದ ಬಂದು ಮಗ್ಗ ನಡೆಸುವ ಹುಡುಗರು ಹಿಂದೆ ಮನಿಯಾರ್ಡರಿಗೆ ನೂರಕ್ಕೆ ಐದು ರೂಪಾಯಿ ಕೊಟ್ಟು, ಮನೆ ಮುಟ್ಟಿತೋ ಇಲ್ಲವೋ ಎಂದು ದಿನ ಎಣಿಸುತ್ತಿದ್ದರು. ಈಗ ಪಾಳಿ ಮುಗಿಸಿ ಹೊರಗೆ ಬರುವಷ್ಟರಲ್ಲಿ ಊರಲ್ಲಿ ತಾಯಿಯ ಖಾತೆಗೆ ಜಮಾ ಆಗಿರುತ್ತದೆ. ಸರಕಾರವೇ ಹೇಳಿ ಕಲಿಸಿದ ದಾರಿ ಇದು. ಆದ್ದರಿಂದಲೇ ಅದನ್ನು ಮುಚ್ಚುವಾಗ ಸರಕಾರಕ್ಕೆ ಎರಡು ಪಟ್ಟು ಎಚ್ಚರ ಇರಬೇಕು.

ನೋಟು ಇದ್ದರೆ ಎಲ್ಲ ಸರಿ ಎಂದುಕೊಳ್ಳುವಂತೆಯೂ ಇಲ್ಲ. ನಮ್ಮೂರು ಗಡಹಿಂಗ್ಲಜ ತಾಲ್ಲೂಕಿನ ಗಡಿಯಲ್ಲಿದೆ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಜೂನ್ 7 ಅಂದರೆ ಮಿರಗ ಮಳೆ ಕೂಡುವ ಹೊತ್ತು, ಬೀಜ ಗೊಬ್ಬರ ಹೊಂದಿಸಿಕೊಳ್ಳುವ ದಿನಗಳು. ಅಣ್ಣ ಕಿಸೆಯಲ್ಲಿ ನೋಟಿಟ್ಟುಕೊಂಡೇ ಗೊಬ್ಬರಕ್ಕೆ ಹೋಗಿದ್ದ. ಸಬ್ಸಿಡಿ ಗೊಬ್ಬರವನ್ನು ಮಾರಬೇಕಾದರೆ ಅಂಗಡಿಯವರು ರೈತನ ಆಧಾರ್ ನಂಬರು, ಹೆಬ್ಬೆರಳ ಗುರುತು ಮಷೀನಿನಲ್ಲಿ ತೆಗೆದುಕೊಳ್ಳಬೇಕು. ದೇಶದಾದ್ಯಂತ ಈ ಪದ್ಧತಿ ಬಂದದ್ದು 2018ರಲ್ಲಿ. ಆ ಮಷೀನಿಗೂ ನೆಟ್ ಬೇಕು. ರೊಕ್ಕ ಎಣಿಸಿ ಕೊಟ್ಟರೂ ಚೀಲ ಸಿಗದೆ ಅಣ್ಣ ಬರಿಗೈಯಲ್ಲಿ ಮನೆಗೆ ಬಂದ. ರೇಷನ್ ಅಂಗಡಿಯ ಮಷೀನಿನ ಹಣೆಬರಹವೂ ಇದೇ. ಅಣ್ಣನ ಮಗ ಟ್ರ್ಯಾಕ್ಟರಿನವನಿಗೆ ಬಾಡಿಗೆ ಹಾಕಬೇಕೆಂದು ಬೈಕ್ ಹತ್ತಿ ಸಂಕೇಶ್ವರಕ್ಕೇ ಹೋದ. ಗಡಿ ದಾಟಿ ಕರ್ನಾಟಕದ ಟವರ್ ಸಿಕ್ಕಿತು, ಬಾಡಿಗೆ ಹೋಯಿತು. ನಮ್ಮ ಭಾಗದವರಿಗೆ ಸಂಕೇಶ್ವರ ಹತ್ತಿರ. ಗಡಿಯಿಂದ ದೂರದ ಶಾಹುವಾಡಿಯವರು, ಗಗನಬಾವಡಾದವರು ಎಲ್ಲಿಗೆ ಹೋಗಬೇಕು?

ಆದೇಶದಿಂದ ನಿಂತ ನೆಟ್ಟಿನ ಮಾತು ಇಷ್ಟಾಯಿತು. ನೀರಿನಿಂದ ನಿಲ್ಲುವುದು ಇನ್ನೂ ದೊಡ್ಡದು. 2019ರ ಆಗಸ್ಟಿನಲ್ಲಿ ಕೊಲ್ಹಾಪುರದ ರಾಜಾರಾಮ ಬಂಧಾರೆಯ ಹತ್ತಿರ ಪಂಚಗಂಗಾ ನದಿ 55 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟ 43 ಅಡಿ. ಶಿರೋಳಿಯ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ನೀರು ನಿಂತು ದಿನಗಟ್ಟಲೆ ಲಾರಿಗಳು ಕದಲಲಿಲ್ಲ. ಹಿರಣ್ಯಕೇಶಿ ಉಕ್ಕಿದರೆ ಗಡಹಿಂಗ್ಲಜದ ಭಡಗಾವ್ ಸೇತುವೆ ಮುಳುಗುತ್ತದೆ, ಆಚೆ ಈಚೆ ಸಂಪರ್ಕ ಕಡಿಯುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಹೋಗುವುದು ಕರೆಂಟು. ಮೊಬೈಲ್ ಟವರ್ ಬ್ಯಾಟರಿಯ ಮೇಲೆ ನಡೆಯುವುದು ಕೆಲವೇ ತಾಸು, ಆಮೇಲೆ ಜನರೇಟರಿಗೆ ಡೀಸೆಲ್ ಬೇಕು. ರಸ್ತೆಯೇ ಇಲ್ಲದಾಗ ಡೀಸೆಲ್ ಬರುವುದು ಹೇಗೆ? ಎಟಿಎಂಗೆ ನೋಟು ತುಂಬುವ ಗಾಡಿಯೂ ಅದೇ ರಸ್ತೆಯಲ್ಲಿ ಬರಬೇಕು. ಹೀಗೆ ಫೋನಿನ ರೊಕ್ಕವೂ ಕೈಯಲ್ಲಿನ ರೊಕ್ಕವೂ ಒಂದೇ ದಿನ ಬತ್ತುತ್ತವೆ. 2019ರ ಆ ಮಹಾಪೂರದ ನೆರವಿನಲ್ಲಿ ಮೊದಲ 5000 ರೂಪಾಯಿಯನ್ನು ರಾಜ್ಯ ಸರಕಾರ ಸಂತ್ರಸ್ತರ ಕೈಗೆ ನಗದಾಗಿಯೇ ಕೊಟ್ಟಿತು, ಉಳಿದದ್ದನ್ನು ಖಾತೆಗೆ ಹಾಕಿತು. ಆ ವಾರ ಜನರಿಗೆ ಏನು ಬೇಕಿತ್ತೆಂದು ಸರಕಾರಕ್ಕೆ ಗೊತ್ತಿತ್ತು. ಆ ತಿಳಿವಳಿಕೆ ನೆಟ್ ನಿಲ್ಲಿಸುವ ಆದೇಶಗಳಲ್ಲೂ ಕಾಣಲಿ ಎಂಬುದು ನನ್ನ ಬೇಡಿಕೆ.

ನೆಟ್ ಇಲ್ಲದೆ ರೊಕ್ಕ ಕಳಿಸುವ ದಾರಿಗಳು ಇಲ್ಲವೆಂದಲ್ಲ. *99# ಒತ್ತಿ ಕಳಿಸಬಹುದು, ಕನ್ನಡದಲ್ಲೂ ಮರಾಠಿಯಲ್ಲೂ ಅದು ಸಿಗುತ್ತದೆ. ಸಾದಾ ಫೋನಿನವರು ಒಂದು ನಂಬರಿಗೆ ಕರೆ ಮಾಡಿ ಪಾವತಿಸುವ ಯುಪಿಐ 123ಪೇ ಪದ್ಧತಿಯನ್ನು ರಿಸರ್ವ್ ಬ್ಯಾಂಕ್ 2022ರ ಮಾರ್ಚಿನಲ್ಲಿ ತಂದಿತು. ನೆಟ್ ನಿಲ್ಲಿಸಿದರೂ ಸಾಮಾನ್ಯವಾಗಿ ಕರೆಗಳು ನಡೆಯುತ್ತವೆ, ಆದ್ದರಿಂದ ಇವು ನಮಗೆ ಹೇಳಿ ಮಾಡಿಸಿದಂಥವು. ಆದರೆ ಮೊದಲೇ ನೋಂದಾಯಿಸಿ ಪಿನ್ ಮಾಡಿಟ್ಟುಕೊಂಡಿರಬೇಕು. ಅದಕ್ಕೆ ಡೆಬಿಟ್ ಕಾರ್ಡಿನ ಕೊನೆಯ ಅಂಕಿಗಳು ಕೈಯಲ್ಲಿರಬೇಕು. *99# ಎಲ್ಲ ಕಂಪನಿಗಳ ಸಿಮ್‌ನಲ್ಲೂ ನಡೆಯುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ಒಂದು ಪಾಳಿಯವರನ್ನೆಲ್ಲ ಕೂರಿಸಿಕೊಂಡು ಪ್ರಯತ್ನಿಸಿದೆ. ಅರ್ಧ ಮಂದಿಯ ಕಾರ್ಡು ಊರಲ್ಲಿತ್ತು, ಕೆಲವರ ಖಾತೆಗೆ ಜೋಡಿಸಿದ ನಂಬರು ಬೇರೆಯದಿತ್ತು. ಉಳಿದವರು ಮೆನು ಓದಿ ಅಂಕಿ ಒತ್ತುವಷ್ಟರಲ್ಲಿ ಸಮಯ ಮುಗಿದು ಪರದೆ ಮಾಯವಾಗುತ್ತಿತ್ತು. ಕಡೆಗೆ ಮೂರು ನಾಲ್ಕು ಮಂದಿಗೆ ಸಾಧ್ಯವಾಯಿತು. ನೆಟ್ಟೇ ಇಲ್ಲದೆ ಎದುರುಬದುರು ಸಣ್ಣ ಮೊತ್ತ ಪಾವತಿಸಲು ರಿಸರ್ವ್ ಬ್ಯಾಂಕ್ 2022ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟು, ಒಮ್ಮೆಗೆ 200 ರೂಪಾಯಿಯ ಮಿತಿ ಹಾಕಿ, ಮರುವರ್ಷ ಅದನ್ನು 500ಕ್ಕೆ ಏರಿಸಿತು. ನಮ್ಮ ಓಣಿಯ ಒಂದು ಅಂಗಡಿಯಲ್ಲೂ ಅದನ್ನು ಬಳಸಿದ್ದನ್ನು ನಾನು ಕಂಡಿಲ್ಲ. ಬ್ಯಾಂಕಿನವರು ಕಾರ್ಖಾನೆಗಳಿಗೆ, ಸಂತೆಗಳಿಗೆ ಬಂದು ಜನರ ಕೈ ಹಿಡಿದು ಮಾಡಿಸದೆ ಇವು ಬಳಕೆಗೆ ಬರಲಾರವು.

ಕಾನೂನು ನಮ್ಮ ಪರವಾಗಿದೆ. ಕಾಶ್ಮೀರದಲ್ಲಿ ಇಂಟರ್ನೆಟ್ ನಿಲ್ಲಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಕೊಟ್ಟ ತೀರ್ಪು, ಇಂಟರ್ನೆಟ್ ಮೂಲಕ ನಡೆಸುವ ವ್ಯಾಪಾರ, ವೃತ್ತಿಗಳಿಗೂ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಎಂದಿತು. ಆದೇಶಗಳನ್ನು ಪ್ರಕಟಿಸಬೇಕು, ನಿರ್ಬಂಧ ಅಗತ್ಯಕ್ಕಿಂತ ಹೆಚ್ಚಿರಬಾರದು ಎಂದೂ ಹೇಳಿತು. ಅದೇ ತಿಂಗಳು ಕಾಶ್ಮೀರದಲ್ಲಿ ಬ್ಯಾಂಕುಗಳ ತಾಣಗಳೂ ಸೇರಿದಂತೆ ಆಯ್ದ ತಾಣಗಳನ್ನಷ್ಟೇ ತೆರೆದರು. ಸಾಮಾಜಿಕ ಜಾಲತಾಣ ಮುಚ್ಚಿ ಬ್ಯಾಂಕಿನ ಬಾಗಿಲು ತೆರೆದಿಡಲು ಬರುತ್ತದೆ ಎಂದಾಯಿತು. ಕಲ್ಲು ತೂರುವವನ ಕೈಯಿಂದ ವಿಡಿಯೊ ಕಿತ್ತುಕೊಳ್ಳಿ, ಬೇಡ ಅನ್ನುವುದಿಲ್ಲ. ಕಾಂಡಿ ಸುತ್ತುವವಳ ಎಣ್ಣೆ ಬೇಳೆ ಕಿತ್ತುಕೊಳ್ಳಬೇಡಿ.

ಇದು ಬರೀ ನಮ್ಮ ದೇಶದ ಚಿಂತೆಯಲ್ಲ. 2022ರ ಜುಲೈ 8ರಂದು ಕೆನಡಾದಲ್ಲಿ ಒಂದೇ ಕಂಪನಿಯ ಜಾಲ ಕೆಟ್ಟು ದೇಶದ ಉದ್ದಗಲಕ್ಕೂ ಡೆಬಿಟ್ ಪಾವತಿ ನಿಂತಿತು. ನಗದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ ಸ್ವೀಡನ್ನಿನಲ್ಲಿ ಈಗ ಅಲ್ಲಿಯ ಆಡಳಿತವೇ, ಮನೆಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ ಎಂದು ಜನರಿಗೆ ಹೇಳುತ್ತಿದೆ.

ಪ್ರತಿ ವರ್ಷ ಮಳೆಗಾಲದ ಮುಂಚೆ ಜಿಲ್ಲಾಡಳಿತ ಸಭೆ ಮಾಡುತ್ತದೆ. ದೋಣಿ, ಔಷಧ, ದನಕರುಗಳ ಮೇವು ಎಲ್ಲದರ ಪಟ್ಟಿಯಾಗುತ್ತದೆ. ಆ ಪಟ್ಟಿಯಲ್ಲಿ ರೊಕ್ಕವೂ ಸೇರಲಿ. ನೀರು ಬರುವ ಊರುಗಳ ಟವರುಗಳಿಗೆ ಡೀಸೆಲ್ ಮೊದಲೇ ತುಂಬಿಸಿಡಲಿ. ನೆಟ್ ನಿಲ್ಲಿಸಿದ ದಿನ ಬ್ಯಾಂಕುಗಳು ಸಂಜೆಯವರೆಗೆ ನಗದು ಕೊಡಲಿ, ಗೊಬ್ಬರದ ಅಂಗಡಿಯವರು, ರೇಷನ್ ಅಂಗಡಿಯವರು ವಹಿಯಲ್ಲಿ ಸಹಿ ಹಾಕಿಸಿಕೊಂಡು ಮಾಲು ಕೊಡಲು ಅನುಮತಿ ಇರಲಿ. ಇನ್ನೊಂದು ಮಾತು, ಪಗಾರ ಹಂಚುವವನ ಅನುಭವದಿಂದ: ಆ ದಿನ ಕೊಡುವ ನಗದು 500ರ ನೋಟಿನಲ್ಲೇ ಇದ್ದರೆ ಪ್ರಯೋಜನವಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಸಿಗುವುದಿಲ್ಲ, ಫೋನಿನಿಂದ ತಿರುಗಿ ಹಾಕಲೂ ಬರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಚಲಕರಂಜಿ, ಗಡಹಿಂಗ್ಲಜದ ಶಾಖೆಗಳಲ್ಲಿ 100ರ, 50ರ ನೋಟುಗಳ ದಾಸ್ತಾನು ಇರಬೇಕು.